ಎಳೆ ಕೂಡಿಸುವ ಕೈ

1986ರಲ್ಲಿ ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ನೂಲಿನ ಗಿರಣಿಗೆ ಸ್ಪಿನ್ನಿಂಗ್ ಮಾಸ್ಟರ್ ಆಗಿ ಸೇರಿದೆ. ಸ್ಪಿನ್ನಿಂಗ್ ಮಾಸ್ಟರ್ ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಹತ್ತಿ ಒಳಗೆ ಬಂದು ನೂಲಾಗಿ ಹೊರಗೆ ಹೋಗುವವರೆಗೆ ನಡುವಿನ ಯಂತ್ರಗಳು, ಜನ, ಜಗಳ ಎಲ್ಲಕ್ಕೂ ಜವಾಬು ಹೇಳಬೇಕಾದವನು. ಮೇಲಿನವರಿಂದ ಬೈಸಿಕೊಂಡದ್ದನ್ನು ಕೆಳಗಿನವರಿಗೆ ಹಂಚುವುದೂ ಆ ಹುದ್ದೆಯ ಕೆಲಸಗಳಲ್ಲಿ ಒಂದು. ಅದನ್ನು ನಾನು ಚೆನ್ನಾಗಿಯೇ ಮಾಡಿದೆ ಎಂದು ಹಳಬರು ಹೇಳುತ್ತಾರೆ. ಸರ್ವಿಸಿನಲ್ಲಿ ಮರೆಯಲಾಗದ ಘಟನೆ ಯಾವುದು ಎಂದು ಯಾರಾದರೂ ಕೇಳಿದರೆ ಹತ್ತಿಯ ಗೋದಾಮಿಗೆ ಬೆಂಕಿ ಬಿದ್ದ ಕಥೆ ಹೇಳಿ ಪಾರಾಗುತ್ತೇನೆ. ಅದು ಹೇಳಲು ಸುಲಭ, ಕೇಳುವವರಿಗೂ ಖುಷಿ. ನಿಜವಾಗಿ ಮರೆಯಲಾಗದೆ ಉಳಿದಿರುವುದು ಸಿದ್ದಣ್ಣನ ವಿಷಯ.

ಸಿದ್ದಣ್ಣ ನಮ್ಮ ರಿಂಗ್ ಫ್ರೇಮ್ ವಿಭಾಗದಲ್ಲಿ ಸೈಡರ್ ಆಗಿದ್ದ. ಹಾಜರಿ ಪುಸ್ತಕದಲ್ಲಿ ಪುಟ್ಟಸಿದ್ದಯ್ಯ, ಊರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ರಿಂಗ್ ಫ್ರೇಮ್ ಎಂದರೆ ಉದ್ದನೆಯ ಯಂತ್ರ; ಅದರ ಎರಡು ಬದಿಗೂ ನೂರಾರು ಕದಿರುಗಳು ಸಾಲಾಗಿ ತಿರುಗುತ್ತಿರುತ್ತವೆ. ಮೇಲೆ ನೇತಾಡುವ ಬಾಬಿನ್‌ಗಳಿಂದ ಇಳಿದುಬರುವ ಹತ್ತಿಯ ಮೆತ್ತನೆಯ ಬತ್ತಿ ಉರುಳೆಗಳ ನಡುವೆ ತೆಳುವಾಗಿ, ಹುರಿಗೊಂಡು, ನೂಲಾಗಿ ಕದಿರಿಗೆ ಸುತ್ತಿಕೊಳ್ಳುತ್ತದೆ. ಎಲ್ಲೋ ಒಂದು ಎಳೆ ತುಂಡಾಗುತ್ತಲೇ ಇರುತ್ತದೆ. ಯಂತ್ರದ ಬದಿ ಕಾಯುವ ಸೈಡರ್ ಓಡಿಹೋಗಿ, ಮೊಣಕಾಲಿನಿಂದ ಆ ಒಂದು ಕದಿರನ್ನು ತಡೆದು, ಎಳೆಯ ತುದಿ ಹುಡುಕಿ, ಮೇಲಕ್ಕೆ ತಂದು, ಉರುಳೆಯ ಬಾಯಿಂದ ಹೊರಬರುತ್ತಿರುವ ಹತ್ತಿಗೆ ತಾಗಿಸಿ ಬಿಡಬೇಕು. ಇದಕ್ಕೆ ಪೀಸಿಂಗ್ ಎನ್ನುತ್ತಾರೆ. ನಮ್ಮವರ ಬಾಯಲ್ಲಿ ಎಳೆ ಕೂಡಿಸುವುದು. ಇದಕ್ಕಾಗಿ ಯಂತ್ರ ನಿಲ್ಲಿಸುವುದಿಲ್ಲ. ಒಂದು ಕ್ಷಣ ಮೊದಲೇ ಬಿಟ್ಟರೆ ಗಂಟು, ಒಂದು ಕ್ಷಣ ತಡವಾದರೆ ಮತ್ತೆ ತುಂಡು. ಹೊಸಬರಿಗೆ ಈ ಹದ ಸಿಕ್ಕುವುದಕ್ಕೆ ವಾರಗಳು ಬೇಕು. ಕೆಲವರು ಅಳುತ್ತಾ ಊರಿಗೆ ಹೋದದ್ದೂ ಉಂಟು.

ಹಾಗೆ ಅಳುವವರನ್ನೆಲ್ಲ ನಾನು ಸಿದ್ದಣ್ಣನ ಪಕ್ಕಕ್ಕೆ ಹಾಕುತ್ತಿದ್ದೆ. ಅವನು ಹೊಸಬನ ಹಿಂದೆ ನಿಂತು, ತನ್ನ ಎರಡೂ ಕೈಗಳನ್ನು ಅವನ ಕೈಗಳ ಕೆಳಗೆ ತಂದು, ಬೆರಳಿಗೆ ಬೆರಳು ಆನಿಸಿ ನಿಲ್ಲುತ್ತಿದ್ದ. ಎಳೆ ಕೂಡಿದಾಗ ಯಾರ ಬೆರಳು ಕೂಡಿಸಿತು ಎಂಬುದು ಹೊಸಬನಿಗೇ ಗೊತ್ತಾಗುತ್ತಿರಲಿಲ್ಲ. "ಎಳೀಬ್ಯಾಡ ಕಣ್ಲಾ, ಕರಿ. ಅದಾಗದೇ ಬತ್ತದೆ," ಎನ್ನುತ್ತಿದ್ದ; ಜಗ್ಗಬೇಡ, ಕರೆದರೆ ಎಳೆ ತಾನಾಗಿಯೇ ಬರುತ್ತದೆ ಎಂದು. ಆ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ತುಟಿ ಮತ್ತು ಕೈಸನ್ನೆ ನೋಡಿಯೇ ತಿಳಿಯಬೇಕು. ಆದರೂ ಅವನ ಈ ಮಾತು ಇಡೀ ವಿಭಾಗಕ್ಕೆ ಗೊತ್ತಿತ್ತು. ನಾನೂ ಎಷ್ಟೋ ಜನರಿಗೆ ಅದನ್ನೇ ಹೇಳಿ, ನನ್ನದೇ ಜಾಣತನ ಎಂಬಂತೆ ಮುಖ ಮಾಡಿಕೊಂಡಿದ್ದೇನೆ.

ಗಿರಣಿಯಲ್ಲಿ ಎಲ್ಲರೂ ನನ್ನನ್ನು ಸಾರ್ ಎಂದರೆ ಅವನೊಬ್ಬ 'ಮಾಸ್ಟ್ರೇ' ಎನ್ನುತ್ತಿದ್ದ. ನನ್ನ ತಲೆ ಆಗಲೇ ಬೋಳಾಗತೊಡಗಿತ್ತು, ಮೀಸೆ ಮಾತ್ರ ದಟ್ಟವಾಗಿತ್ತು. "ಮಾಸ್ಟ್ರು ತಲೇಲಿ ಬೆಳೀದಿದ್ದ ಬೆಳೇನ ಮೀಸೇಲಿ ತಗೀತಾವ್ರೆ," ಎಂದು ಕ್ಯಾಂಟೀನಿನಲ್ಲಿ ನನ್ನೆದುರಿಗೇ ಹೇಳಿ ಎಲ್ಲರನ್ನೂ ನಗಿಸಿದ. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಅವನ ಮೇಲೆ ಕೋಪ ಮಾಡಿಕೊಳ್ಳಲು ಆಗುತ್ತಿರಲಿಲ್ಲ.

1992ರಲ್ಲಿ ಗಿರಣಿ ಮುಚ್ಚಿತು. ತಾತ್ಕಾಲಿಕ ಎಂದು ಗೇಟಿಗೆ ನೋಟಿಸು ಅಂಟಿಸಿದರು. ಆ ತಾತ್ಕಾಲಿಕಕ್ಕೆ ಹದಿಮೂರು ವರ್ಷವಾಯಿತು. ನನಗೆ ಡಿಪ್ಲೊಮಾ ಇತ್ತು, ಎರಡು ತಿಂಗಳಲ್ಲಿ ಕೊಯಮತ್ತೂರಿನ ಕಡೆ ಕೆಲಸ ಸಿಕ್ಕಿತು. ಸಿದ್ದಣ್ಣನಿಗೆ ಆಗ ಮೂವತ್ತಾರು. ಹೆಂಡತಿ ಚಿಕ್ಕತಾಯಮ್ಮ, ಐದು ವರ್ಷದ ಮಗಳು ಸುಜಾತ. ಗಿರಣಿಯ ಲೈನ್ ಮನೆ ಖಾಲಿ ಮಾಡಿ ಮೂವರೂ ಹೆಮ್ಮಿಗೆಗೆ ಹಿಂತಿರುಗಿದರು.

ಮುಂದಿನ ಸಲ ಅವನನ್ನು ಕಂಡದ್ದು 1995ರಲ್ಲಿ, ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ. ಒಬ್ಬ ಮುದುಕಿಯನ್ನು ತೋಳು ಹಿಡಿದು ಸರ್ಕಾರಿ ಆಸ್ಪತ್ರೆಯಿಂದ ಕರೆತರುತ್ತಿದ್ದ. ನಿಮ್ಮ ತಾಯಿಯಾ ಎಂದು ಕೇಳಿದೆ.

"ಪಕ್ಕದ್ ಬೀದಿ ಅಜ್ಜಿ ಮಾಸ್ಟ್ರೇ. ಮಕ್ಳು ನಾಟೀಲವ್ರೆ. ನಾನ್ ಖಾಲಿ ಅಲ್ವಾ?" ಎಂದು ನಕ್ಕ. "ಈಗ ಊರ್ಗೆಲ್ಲ ನಾನೇ ಬದ್ಲಿ."

ಬದಲಿ ಎಂದರೆ ಗಿರಣಿಯಲ್ಲಿ ಖಾಯಂ ಕೆಲಸಗಾರ ಬಾರದ ದಿನ ಅವನ ಜಾಗಕ್ಕೆ ನಿಲ್ಲುವವನು. ಒಳ್ಳೆಯ ತಮಾಷೆ ಎನ್ನಿಸಿ ನಾನೂ ನಕ್ಕೆ. ಅದರ ಹಿಂದಿನ ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ, ಚಿಕ್ಕತಾಯಮ್ಮನಿಂದ. ಆ ಕಡೆಯ ಊರುಗಳಲ್ಲಿ ಮುಯ್ಯಾಳಿನ ಪದ್ಧತಿ ಇದೆ. ಇವತ್ತು ನೀನು ನನ್ನ ಗದ್ದೆಗೆ ಬಂದು ಗೇಯ್ದರೆ ನಾಳೆ ನಾನು ನಿನ್ನ ಗದ್ದೆಗೆ ಬಂದು ಗೇಯುತ್ತೇನೆ. ಸಿದ್ದಣ್ಣನಿಗೆ ಗದ್ದೆಯೇ ಇರಲಿಲ್ಲ. ಆದರೂ ಕರೆದವರ ಗದ್ದೆಗೆಲ್ಲ ಮುಯ್ಯಾಳಾಗಿ ಹೋದ. ಅವರು ತಿರುಗಿ ಬಂದು ಗೇಯುವುದಾದರೂ ಎಲ್ಲಿ? ಕೂಲಿ ಕೊಡೋಣವೆಂದರೆ ಗಿರಣಿಯಲ್ಲಿ ಪ್ಯಾಂಟು ಹಾಕಿದ್ದ ಸಿದ್ದಣ್ಣನಿಗೆ ಕೂಲಿ ಕೊಡಲು ಅವರಿಗೆ ಸಂಕೋಚ. ಆದ್ದರಿಂದ ಕೂರಿಸಿ ಹೊಟ್ಟೆ ತುಂಬ ಉಣ್ಣಲು ಇಕ್ಕುತ್ತಿದ್ದರು. ಮೊದಲೆರಡು ವರ್ಷ ಅದು ಪ್ರೀತಿಯಾಗಿತ್ತು. ಆಮೇಲೆ ಆಸ್ಪತ್ರೆಗೆ, ನ್ಯಾಯಬೆಲೆ ಅಂಗಡಿಗೆ, ತಾಲ್ಲೂಕು ಕಚೇರಿಗೆ ಅವನನ್ನು ಕಳಿಸುವುದು ರೂಢಿಯಾಯಿತು. 'ಖಾಲಿ ಇದ್ದೀಯಲ್ಲ' ಎಂಬುದೊಂದು ಮಾತು ಸಾಕಿತ್ತು. ಹೋಗಿಬಂದ ಮೇಲೆ ಅದೇ ಜನ ಜಗಲಿಯಲ್ಲಿ ಕೂತು, ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ಮಾತಾಡಿಕೊಳ್ಳುವುದು ಅವನ ಕಿವಿಗೆ ಬಿತ್ತು. ಮನೆಯ ಒಲೆ ಉರಿಯುತ್ತಿದ್ದದ್ದು ಚಿಕ್ಕತಾಯಮ್ಮನ ಕೂಲಿಯಿಂದ.

2000ದಲ್ಲಿ ಗಿರಣಿಯ ಹಳೆಯ ಫೋರ್‌ಮನ್ ಒಬ್ಬರ ಮಗಳ ಮದುವೆಗೆ ನಂಜನಗೂಡಿಗೆ ಹೋಗಿದ್ದೆ. ಕಲ್ಯಾಣ ಮಂಟಪದ ಬಾಗಿಲಲ್ಲಿ, ಚಪ್ಪಲಿಗಳ ರಾಶಿಯ ಪಕ್ಕ ಸಿದ್ದಣ್ಣ ನಿಂತಿದ್ದ. ಸೊರಗಿದ್ದ. ಭುಜದ ಮೇಲೆ ಕೈ ಹಾಕಿದರೆ ಮೈ ಹಿಡಿ ಮಾಡಿಕೊಂಡ. ಊಟಕ್ಕೆ ಬಾರಯ್ಯ ಎಂದೆ.

"ಊಟ ಆಯ್ತು ಸಾ," ಎಂದ.

ಊಟದ ಮೊದಲ ಪಂಕ್ತಿಗೆ ಇನ್ನೂ ಎಲೆ ಹಾಕಿರಲಿಲ್ಲ. ಆದರೆ ನನ್ನನ್ನು ತಟ್ಟಿದ್ದು ಆ ಸುಳ್ಳಲ್ಲ. 'ಮಾಸ್ಟ್ರೇ' ಹೋಗಿ 'ಸಾ' ಬಂದಿತ್ತು. "ನಾನ್ ಬಂದಿದ್ದೀನಿ ಅಂತ ನಿಮ್ಗ್ಯಾರ್ ಯೋಳಿದ್ರು?" ಎಂದು ಕೇಳಿದ. ಯಾರೂ ಹೇಳಲಿಲ್ಲ, ಕಣ್ಣಿಗೆ ಬಿದ್ದೆ ಎಂದೆ. ಅವನು ನಂಬಲಿಲ್ಲ, ಮತ್ತೆ ಕೇಳಿದ. ನಾನು ಕೈ ತೊಳೆದು ಬರುವಷ್ಟರಲ್ಲಿ ಅಲ್ಲಿರಲಿಲ್ಲ. ಅದಕ್ಕೆ ಕಾರಣವನ್ನು ಅವನ ಹೆಂಡತಿ ಎಷ್ಟೋ ದಿನದ ಮೇಲೆ ಹೇಳಿದ್ದು ಇಷ್ಟು: ಪಂಕ್ತಿಯಲ್ಲಿ ಕೂತರೆ ಪಕ್ಕದವರು ಊರು ಕೇಳುತ್ತಾರೆ, ನೆಂಟಸ್ತನ ಕೇಳುತ್ತಾರೆ, ಹಪ್ಪಳ ಬರುವ ಹೊತ್ತಿಗೆ 'ಈಗೇನ್ ಮಾಡ್ಕೊಂಡಿದ್ದೀಯಪ್ಪ' ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಅವನು ಯಾವ ಮದುವೆಯಲ್ಲೂ ಉಣ್ಣುವುದಿಲ್ಲ.

2005ರಲ್ಲಿ ಆ ಗಿರಣಿಯನ್ನು ಹೊಸ ಮಾಲೀಕರು ಕೊಂಡು, ಹೊಸ ಯಂತ್ರ ಹಾಕಿ, ನನ್ನನ್ನೇ ಮಾಸ್ಟರ್ ಆಗಿ ಕರೆಸಿಕೊಂಡರು. ಈ ಸಲ ಸೈಡರ್ ಕೆಲಸಕ್ಕೆ ಬಂದವರು ಹೆಚ್ಚಾಗಿ ಸುತ್ತಲಿನ ಹಳ್ಳಿಗಳ ಹುಡುಗಿಯರು. ಕಂಪನಿಯ ವ್ಯಾನು ಅವರನ್ನು ಕರೆತಂದು ಬಿಡುತ್ತಿತ್ತು. ಅವರಿಗೆ ಕಲಿಸಲು ಒಬ್ಬ ಟ್ರೈನರ್ ಬೇಕಾಗಿತ್ತು. ಜನರಲ್ ಮ್ಯಾನೇಜರರು ಹೊರಗಿನಿಂದ ಕರೆಸೋಣ ಎಂದರು. ನಾನು ಎದೆ ತಟ್ಟಿ, ಇಡೀ ಜಿಲ್ಲೆಯಲ್ಲಿ ಒಬ್ಬನೇ ಇದ್ದಾನೆ, ನಾನೇ ಹೋಗಿ ಕರೆತರುತ್ತೇನೆ ಎಂದೆ.

ಹೆಮ್ಮಿಗೆಯಲ್ಲಿ ಸಿದ್ದಣ್ಣ ಮನೆಯ ಹಿತ್ತಿಲಲ್ಲಿ ಕೂತಿದ್ದ. ವಿಷಯ ಹೇಳಿದೆ. ಅವನ ಮುಖದಲ್ಲಿ ಸಂತೋಷ ಹುಡುಕಿದೆ, ಕಾಣಲಿಲ್ಲ. "ಯಾಕ್ ಸಾ, ಬ್ಯಾರೆ ಯಾರೂ ಬರಾಕಿಲ್ಲ ಅಂದ್ರಾ?" ಎಂದು ಕೇಳಿದ. ಇಲ್ಲಪ್ಪ, ನೀನೇ ಬೇಕು ಎಂದೆ. ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದು ಹೋದ.

ಚಿಕ್ಕತಾಯಮ್ಮ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಳು. ದಾರಿಯಲ್ಲಿ ನಿಂತು ಹೇಳಿದಳು. "ಕಳುಸ್ತೀನಿ ಸಾ, ನಾನ್ ಕಳುಸ್ತೀನಿ. ಸಂಬ್ಳದ್ ಮಾತಲ್ಲ ಇದು. ಕೂಲಿ ಮಾಡಿ ಸಾಕಿದ್ದೀನಿ, ಇನ್ನೂ ಸಾಕ್ತೀನಿ. ಇವ್ರು ಮೊದ್ಲು ಎಂಗಿದ್ರು ಅನ್ನೋದು ನನ್ ಮಗ್ಳಿಗೆ ಗ್ಯಾನನೇ ಇಲ್ಲ. ನಗ್ತಿದ್ರು, ನಗುಸ್ತಿದ್ರು ಅಂದ್ರೆ ನಂಬಾಕಿಲ್ಲ ಅವ್ಳು. ಕೆಲ್ಸಕ್ ನಿಂತ್ರೆ ಮೊದ್ಲಿನಂಗ್ ಆಯ್ತಾರೆ. ಒಂದ್ಸಲ ತೋರ್ಸಿ ಸಾ ನನ್ ಮಗ್ಳಿಗೆ, ಅವ್ರಪ್ಪನ್ನ."

ಸಂಬಳ ಹೆಚ್ಚಿಸಿ, ಶಿಫ್ಟ್ ಬದಲಿಸಿ, ರಜಾ ಕೊಡಿ ಎಂದು ಸಾವಿರ ಜನ ನನ್ನನ್ನು ಕೇಳಿದ್ದಾರೆ. ಇಂಥದ್ದನ್ನು ಯಾರೂ ಕೇಳಿರಲಿಲ್ಲ. ತೋರಿಸುತ್ತೇನೆ ತಾಯಿ ಎಂದು ಮಾತು ಕೊಟ್ಟೆ. ಕೆಲಸ ಹೋದದ್ದರಿಂದ ಆದದ್ದು ಕೆಲಸ ಬಂದರೆ ಸರಿಹೋಗುತ್ತದೆ. ಇದರಲ್ಲಿ ಸಂದೇಹವೇನಿದೆ ಎಂದು ನಾನೂ ನಂಬಿದ್ದೆ.

ಮುಂದಿನ ಸೋಮವಾರ ಸಿದ್ದಣ್ಣ ಬಂದ. ಹೊಸ ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಂತ. ಒಂದು ಎಳೆ ತುಂಡಾಯಿತು. ಕೈ ಹೋಯಿತು, ಕದಿರು ನಿಂತಿತು, ಎಳೆ ಕೂಡಿತು. ಗಂಟಿಲ್ಲ, ಗುರುತಿಲ್ಲ. ಹದಿಮೂರು ವರ್ಷದಲ್ಲಿ ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ನಾನು ಎಲ್ಲರೆದುರು ಅವನ ಬೆನ್ನು ತಟ್ಟಿದೆ. ಸಂಜೆ ಮನೆಗೆ ಹೋಗಿ ಹೆಂಡತಿಗೆ, ನೋಡು ಹೇಗೆ ಗೆದ್ದೆ ಎಂದು ಕೊಚ್ಚಿಕೊಂಡೆ.

ಮೊದಲ ತಿಂಗಳು ಅವನ ಬದಿಗಳಲ್ಲಿ ತುಂಡಾದ ಎಳೆ ಹುಡುಕಿದರೂ ಸಿಗುತ್ತಿರಲಿಲ್ಲ. ಮ್ಯಾನೇಜರರಿಗೆ ಸಂತೋಷ. ಆದರೆ ಅವನು ವಾರದ ರಜಾ ತೆಗೆದುಕೊಳ್ಳುತ್ತಿರಲಿಲ್ಲ. ಕ್ಯಾಂಟೀನಿಗೆ ಹೋಗುತ್ತಿರಲಿಲ್ಲ, ಊಟದ ಡಬ್ಬಿಯನ್ನು ಯಂತ್ರದ ತುದಿಯಲ್ಲೇ ಇಟ್ಟುಕೊಂಡು ನಿಂತೇ ಉಣ್ಣುತ್ತಿದ್ದ. ಕಸ ಗುಡಿಸುವವನಿಗೂ ಸಾ ಎನ್ನುತ್ತಿದ್ದ. ಯಾರಾದರೂ ಇಬ್ಬರು ದೂರದಲ್ಲಿ ಕೈಸನ್ನೆ ಮಾಡಿದರೆ ತನ್ನ ಬಗ್ಗೆಯೇ ಎಂದು ದಿಟ್ಟಿಸುತ್ತಿದ್ದ. ಹೊಸದರಲ್ಲಿ ಹೀಗೇ, ಹೊಂದಿಕೊಳ್ಳುತ್ತಾನೆ ಎಂದು ನಾನು ನನಗೇ ಹೇಳಿಕೊಂಡೆ.

ಎರಡನೆಯ ತಿಂಗಳಲ್ಲಿ ಅವನಿಗೆ ಜ್ವರ ಬಂತು. ಬೇಡವೆಂದರೂ ಬಲವಂತವಾಗಿ ಮನೆಗೆ ಕಳಿಸಿದೆ. ಅವತ್ತು ಮಧ್ಯಾಹ್ನದ ಹೊತ್ತಿಗೆ ವಿಭಾಗದ ತುಂಬ ಎಳೆಗಳು ತುಂಡಾಗಿ ಹತ್ತಿ ಹಾರಾಡುತ್ತಿತ್ತು. ಹುಡುಗಿಯರು ಕದಿರಿನ ಮುಂದೆ ನಿಂತು ಬೆರಳು ಕಚ್ಚುತ್ತಿದ್ದರು. ಇಷ್ಟು ದಿನ ಏನು ಕಲಿತಿರಿ ಎಂದು ಗದರಿದೆ. ಸುತ್ತೂರಿನ ಕಡೆಯ ಒಬ್ಬ ಹುಡುಗಿ ಧೈರ್ಯ ಮಾಡಿ ಹೇಳಿದಳು. "ಅಣ್ಣ ನಮ್ಗೆ ಮುಟ್ಟಕ್ಕೇ ಬುಡಲ್ಲ ಸಾರ್. ಎಲ್ಲಾನೂ ಅವ್ರೇ ಕೂಡುಸ್ಕೊಂಡು ಓಗ್ತಾರೆ."

ಹೆಣ್ಣುಮಕ್ಕಳ ಹಿಂದೆ ನಿಂತು ಕೈ ಹಿಡಿದು ಕಲಿಸಲು ಅವನಿಗೆ ಸಂಕೋಚವಿರಬೇಕು ಎಂದುಕೊಂಡೆ. ಮರ್ಯಾದಸ್ಥ, ಅದು ಸಹಜ. ಅದಕ್ಕೊಂದು ಉಪಾಯವೂ ಹೊಳೆಯಿತು. ಸುಜಾತಳಿಗೆ ಆಗ ಹದಿನೆಂಟು ತುಂಬಿತ್ತು. ಅವಳನ್ನೂ ಕೆಲಸಕ್ಕೆ ತೆಗೆದುಕೊಂಡರೆ ಅವನು ಮಗಳ ಕೈ ಹಿಡಿದು ಕಲಿಸುತ್ತಾನೆ, ಉಳಿದವರು ಅದನ್ನು ನೋಡಿ ಕಲಿಯುತ್ತಾರೆ. ಚಿಕ್ಕತಾಯಮ್ಮನಿಗೆ ಕೊಟ್ಟ ಮಾತೂ ಉಳಿಯುತ್ತದೆ. ತಂದೆ ಕಲಿಸುವುದನ್ನು ಮಗಳು ಪಕ್ಕದಲ್ಲೇ ನಿಂತು ನೋಡುತ್ತಾಳಲ್ಲ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಸುಜಾತ ಬಂದಳು. ತಾಯಿಯಂತೆ ನೇರ ಮಾತಿನ ಹುಡುಗಿ. ಅಪ್ಪನ ಪಕ್ಕದಲ್ಲಿ ನಿಲ್ಲಿಸಿ ನಾನು ದೂರದಿಂದ ನೋಡುತ್ತಿದ್ದೆ. ಎಳೆ ತುಂಡಾಯಿತು. ಸಿದ್ದಣ್ಣ ಮುಂದೆ ಹೋದ, ಮಗಳು ಪಕ್ಕಕ್ಕೆ ಬಗ್ಗಿದಳು. ಅವನು ಭುಜ ತಿರುಗಿಸಿ, ಬೆನ್ನು ಅಡ್ಡ ತಂದು, ಅವಳಿಗೆ ಕೈ ಕಾಣದಂತೆ ನಿಂತು ಎಳೆ ಕೂಡಿಸಿದ. ಅವಳು ಇನ್ನೊಂದು ಪಕ್ಕಕ್ಕೆ ಬಂದಳು. ಬೆನ್ನೂ ಆ ಪಕ್ಕಕ್ಕೆ ಬಂತು. ಸಂಕೋಚವಾಗಿದ್ದರೆ ಅದು ಮಗಳೆದುರು ಇರಬೇಕಾದದ್ದಲ್ಲ.

ಅವನನ್ನು ಕ್ಯಾಬಿನ್ನಿಗೆ ಕರೆದೆ. ಕೂತುಕೋ ಎಂದರೂ ಕೂರಲಿಲ್ಲ.

"ಸಿದ್ದಣ್ಣ, ಅವಳು ನಿನ್ನ ಮಗಳು ಕಣಯ್ಯ."

"ಗೊತ್ತು ಸಾ."

"ಅವಳಿಗೂ ಹೇಳಿಕೊಡಲ್ವಾ?"

ಅವನು ನೆಲ ನೋಡಿಕೊಂಡು ಹೇಳಿದ. "ಅವ್ಳು ಕಲ್ತ್‌ಬುಟ್ರೆ ನಾನ್ಯಾಕ್ ಬೇಕು ಸಾ ನಿಮ್ಗೆ?"

ಆಮೇಲೆ, ನಾನು ಕೇಳದೆಯೇ, ಎಂದೂ ಹೇಳದಿದ್ದ ಒಂದು ಸಂಗತಿ ಹೇಳಿದ. "ಮಿಲ್ ಮುಚ್ಚಿದ್ ವರ್ಸ ತಮಿಳ್ನಾಡ್ ಕಡೆ ಮಿಲ್ಲೋರು ಆಳ್ ತಕ್ಕತ್ತಾವ್ರೆ ಅಂದ್ರು. ನಾನೂ ನಾನ್ ಕಲ್ಸಿದ್ ಐಕ್ಳೂ ಒಟ್ಗೆ ಓದೊ. ಅಲ್ಲಿ ಮೂವತ್ತರ ಒಳುಗ್ನೋರ್ ಸಾಕು ಅಂದ್ಬುಟ್ರು. ನಾನ್ ಕಲ್ಸಿದೋರೆಲ್ಲ ಒಳಕ್ ಓದ್ರು ಸಾ. ಕಲ್ಸಿದೋನು ಗೇಟ್ನಲ್ಲಿ ನಿಂತ್ಕಂಡಿದ್ದೆ. ಒಬ್ನೇ ಬಸ್ ಅತ್ತಿ ಬಂದೆ."

ಅವನ ಲೆಕ್ಕದಲ್ಲಿ ತಪ್ಪೇನಿತ್ತು? ಕಲಿಸಿದ್ದಕ್ಕೆ ಅವನಿಗೆ ಸಿಕ್ಕಿದ್ದು ಅದೇ.

ಮೈಸೂರಿನಲ್ಲಿ ನನಗೊಬ್ಬ ಸ್ನೇಹಿತ, ಮನೋವೈದ್ಯ. ಒಂದು ಭಾನುವಾರ ಅವನ ಮುಂದೆ ಈ ವಿಷಯ ಇಟ್ಟು, ಏನಾದರೂ ಗುಳಿಗೆ ಕೊಡು ಎಂದೆ. ಸುಮ್ಮನೆ ಕೇಳಿ ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಕೆಲಸ ಕಳೆದುಕೊಂಡವನು ಮೊದಮೊದಲು ಇನ್ನೂ ಒಳ್ಳೆಯವನಾಗುತ್ತಾನೆ, ಎಲ್ಲರಿಗೂ ಒದಗಿಬರುತ್ತಾನೆ, ಯಾಕೆಂದರೆ ತಾನು ಬೇಕಾದವನು ಎಂದು ತೋರಿಸಬೇಕಲ್ಲ. ವರ್ಷಗಳು ಕಳೆದಂತೆ ಅದು ಬತ್ತುತ್ತದೆ. ಜನರ ಮೇಲಿನ ನಂಬಿಕೆ, ಬೇರೆಯವರೊಡನೆ ಸಲೀಸಾಗಿ ಇರುವುದು, ಹೊಸದಕ್ಕೆ ಕೈ ಚಾಚುವುದು ಕಡಿಮೆಯಾಗುತ್ತಾ ಹೋಗುತ್ತದೆ. ಎಷ್ಟೋ ಜನ ಮತ್ತೆ ಸುಧಾರಿಸಿಕೊಳ್ಳುತ್ತಾರೆ, ಎಲ್ಲರೂ ಅಲ್ಲ. "ಇದು ರೋಗವಾಗಿದ್ದರೆ ಗುಳಿಗೆ ಕೊಡಬಹುದಿತ್ತು. ಇದು ಅವನ ಸ್ವಭಾವವೇ ಆಗಿಬಿಟ್ಟಿದೆ," ಎಂದ. ನೀನು ಓದಿದ್ದು ದಂಡ ಎಂದು ಅವನನ್ನು ಬೈದು ಬಂದೆ.

ಮ್ಯಾನೇಜರರ ಕಾಲು ಹಿಡಿಯುವುದೊಂದು ಬಾಕಿ. ಅಷ್ಟು ಬೇಡಿ, ಟ್ರೈನರ್ ಬದಲು ಸಾಮಾನ್ಯ ಸೈಡರ್ ಆಗಿ ಅವನನ್ನು ಖಾಯಂ ಮಾಡಲು ಒಪ್ಪಿಸಿದೆ. ಸಿದ್ದಣ್ಣನಿಗೆ ಹೇಳಿದೆ. ಇನ್ನು ಮೇಲೆ ಯಾರಿಗೂ ಕಲಿಸಬೇಡ. ನಿನ್ನ ಬದಿ ನೀನು ನೋಡಿಕೋ, ನಿನ್ನನ್ನು ಯಾರೂ ತೆಗೆಯುವುದಿಲ್ಲ, ನಾನಿದ್ದೇನೆ. ಅವನು "ಆಯ್ತು ಸಾ" ಎಂದ. ಮದುವೆ ಮನೆಯಲ್ಲಿ ಊಟ ಆಯ್ತು ಎಂದನಲ್ಲ, ಅದೇ ದನಿ.

ಹುಡುಗಿಯರಿಗೆ ನಾನೇ ಕಲಿಸತೊಡಗಿದೆ. ನನ್ನ ಕೈ ದಪ್ಪ, ಅವರೂ ನಿಧಾನ. ಸುಜಾತಳನ್ನು ಅಪ್ಪನ ಯಂತ್ರದ ಇನ್ನೊಂದು ಬದಿಗೆ ಹಾಕಿದ್ದೆ. ಹೀಗಿರುವಾಗ ಒಂದು ಮಧ್ಯಾಹ್ನ ನಾನು ಯಂತ್ರಗಳ ನಡುವಿನ ಓಣಿಯ ತುದಿಯಲ್ಲಿ ನಿಂತಿದ್ದೆ. ಸುಜಾತಳ ಬದಿಯಲ್ಲಿ ಎಳೆ ತುಂಡಾಯಿತು. ಅವಳು ಮೊಣಕಾಲು ಕೊಟ್ಟಳು, ತುದಿ ಹಿಡಿದಳು, ಮೇಲಕ್ಕೆ ತಂದಳು, ತಾಗಿಸಿದಳು, ಬಿಟ್ಟಳು. ಎಳೆ ಕೂಡಿತು. ನೂಲು ಗಂಟಿಲ್ಲದೆ ಓಡತೊಡಗಿತು. ಸಿದ್ದಣ್ಣ ಆ ಹೊತ್ತಿಗೆ ಯಂತ್ರ ಸುತ್ತಿಕೊಂಡು ಈಚೆ ಬದಿಗೆ ಬರುತ್ತಿದ್ದ. ಮಗಳು ಅವನ ಕಡೆ ತಿರುಗಿ ತೋರುಬೆರಳು ಎತ್ತಿ ತೋರಿಸಿದಳು. ಕೂಡಿತು ಎನ್ನುವುದಕ್ಕೆ ನಮ್ಮಲ್ಲಿ ಅದೇ ಸನ್ನೆ. ಅವಳ ಮುಖ ಅರಳಿತ್ತು.

ಸಿದ್ದಣ್ಣ ಹತ್ತಿರ ಬಂದ. ಬಗ್ಗಿ ಆ ಎಳೆಯನ್ನು ನೋಡಿದ. ಕೈ ಚಾಚಿ ಅದನ್ನು ತುಂಡು ಮಾಡಿದ.

ಸುಜಾತ ಎತ್ತಿದ ಬೆರಳು ಹಾಗೆಯೇ ಇತ್ತು. ಪಕ್ಕದ ಹುಡುಗಿಯರು ಕೆಲಸ ಬಿಟ್ಟು ನಿಂತರು. ಸಿದ್ದಣ್ಣ ತನ್ನ ಕೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡ, ಯಾರದ್ದೋ ಕೈ ಎಂಬ ಹಾಗೆ. ಮಗಳ ಮುಖ ನೋಡಿದ. ಅವನ ತುಟಿ ಅಲ್ಲಾಡಿತು. ಏನೆಂದ ಎಂಬುದು ಅಷ್ಟು ದೂರಕ್ಕೆ ನನಗೆ ತಿಳಿಯಲಿಲ್ಲ. ಆಮೇಲೆ ಯಂತ್ರದ ತುದಿಯಲ್ಲಿದ್ದ ಊಟದ ಡಬ್ಬಿ ಎತ್ತಿಕೊಂಡು ವಿಭಾಗದಿಂದ ಹೊರಟ. ನಾನು ಗೇಟಿಗೆ ಓಡುವಷ್ಟರಲ್ಲಿ ರಸ್ತೆ ದಾಟಿ ಬಸ್ಸು ಹತ್ತಿದ್ದ. ಹಿಂತಿರುಗಿ ಬಂದರೆ ಸುಜಾತ ಅಳುತ್ತಲೇ ಅದೇ ಎಳೆಯನ್ನು ಮತ್ತೆ ಕೂಡಿಸುತ್ತಿದ್ದಳು. ನಾನು ಒಂದು ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಂಡೆ. ಬೈಯುವುದಕ್ಕೆ ಹೆಸರಾದ ಮಾಸ್ಟರ್ ಅಳುವುದನ್ನು ಯಾರೂ ನೋಡಬಾರದಿತ್ತು.

ಸಿದ್ದಣ್ಣ ಮತ್ತೆ ಕೆಲಸಕ್ಕೆ ಬರಲಿಲ್ಲ. ಎರಡು ಸಲ ಹೇಳಿ ಕಳಿಸಿದೆ, ನಾನೇ ಹೋದೆ. ಹಿತ್ತಿಲಿನಿಂದ ಆಚೆ ಬರಲೇ ಇಲ್ಲ. ಸುಜಾತಳೂ ಬಿಡುತ್ತಾಳೆ ಎಂದುಕೊಂಡಿದ್ದೆ. ಬಿಡಲಿಲ್ಲ. ಕೆಲವು ದಿನ ಕಳೆದ ಮೇಲೆ, ನಿನಗೆ ಆ ಹದ ಯಾರು ಕಲಿಸಿದರಮ್ಮ ಎಂದು ಕೇಳಿದೆ.

"ಅಪ್ಪನೇ ಸಾರ್. ಬೆನ್ನು ಅಡ್ಡ ಇಡ್ತಿತ್ತು, ಸರಿ. ನೀವು ನನ್ನ ಆಚೆ ಬದಿಗೆ ಹಾಕಿದ್ರಲ್ಲ, ಅಲ್ಲಿಂದ ಬಾಬಿನ್ ಸಂದೀಲಿ ಕೈ ಪೂರಾ ಕಾಣ್ತಿತ್ತು. ಮುಖಾನೂ ಕಾಣ್ತಿತ್ತು." ಬೆರಳಿಗೆ ಅಂಟಿದ್ದ ಹತ್ತಿಯನ್ನು ಉಜ್ಜಿ ತೆಗೆಯುತ್ತಾ ಹೇಳಿದಳು. "ಎಳೆ ಕೂಡ್ಸೋವಾಗ ಅಪ್ಪನ ಮುಖ ಬ್ಯಾರೆ ಇರ್ತಿತ್ತು ಸಾರ್. ಮನೇಲಿ ನಾನ್ ಆ ಮುಖ ನೋಡೇ ಇಲ್ಲ. ಅಮ್ಮಂಗೆ ಯೋಳ್ದೆ. ಅದೇ ಕಣವ್ವ, ಅದೇ ನಿಮ್ಮಪ್ಪ ಅಂತ ಅಮ್ಮ ಅತ್ತುಬುಡ್ತು."

ಆಮೇಲೆ ಅವಳು ಕೇಳಿದಳು: "ಮೊದ್ಲು ಎಂಗ್ ಕಲಿಸ್ತಿತ್ತು ಸಾರ್ ಅಪ್ಪ?"

ನಾನು ಅವಳ ಹಿಂದೆ ನಿಂತು, ನನ್ನ ಕೈಗಳನ್ನು ಅವಳ ಕೈಗಳ ಕೆಳಗೆ ತಂದು, ಬೆರಳಿಗೆ ಬೆರಳು ಆನಿಸಿ ತೋರಿಸಿದೆ. ಅವನ ಮಾತನ್ನೂ ಹೇಳಿದೆ. ಆ ದಿನ ನಾನು ಅದು ನನ್ನ ಮಾತು ಎಂಬಂತೆ ಮುಖ ಮಾಡಲಿಲ್ಲ.

2008ರಲ್ಲಿ ಸುಜಾತ ಅದೇ ವಿಭಾಗಕ್ಕೆ ಟ್ರೈನರ್ ಆದಳು. ಈ ಸುದ್ದಿಯನ್ನಾದರೂ ಕೇಳಿದರೆ ಸಿದ್ದಣ್ಣ ಏನಾದರೂ ಅಂದಾನು ಎಂಬ ಆಸೆಯಿಂದ ಹೆಮ್ಮಿಗೆಗೆ ಹೋದೆ. ಚಿಕ್ಕತಾಯಮ್ಮ ಹಿತ್ತಿಲ ಬಾಗಿಲು ತೆರೆದು ಒಳಗೆ ಬಿಟ್ಟಳು. ಅವನ ಕೂದಲೆಲ್ಲ ಬೆಳ್ಳಗಾಗಿತ್ತು. ನಿನ್ನ ಮಗಳು ನಿನ್ನ ಜಾಗದಲ್ಲಿ ನಿಂತಿದ್ದಾಳೆ ಕಣಯ್ಯ, ಹೊಸಬರೆಲ್ಲ ಅವಳ ಪಕ್ಕಕ್ಕೇ ಬರುತ್ತಾರೆ ಎಂದೆ. ಅವನು ತಲೆ ಎತ್ತಿದ.

"ಕಲ್ಸ್ತಾವ್ಳಾ?"

"ಚೆನ್ನಾಗಿ ಕಲಿಸ್ತಾಳೆ. ನಿನ್ನ ಹಾಗೇ."

ಅವನ ಕಣ್ಣಲ್ಲಿ ಬಂದದ್ದು ಹೆಮ್ಮೆಯಲ್ಲ, ಭಯ. ನನ್ನ ಕೈ ಹಿಡಿದುಕೊಂಡ. ಅಷ್ಟು ವರ್ಷಗಳಲ್ಲಿ ಅವನಾಗಿ ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಮಾಸ್ಟ್ರೇ," ಎಂದ. "ನಿಮ್ ಕಾಲಿಗ್ ಬೀಳ್ತೀನಿ. ಅವ್ಳಿಗ್ ಯೋಳಿ ಮಾಸ್ಟ್ರೇ, ಯಾರ್ಗೂ ಕಲ್ಸ್‌ಬ್ಯಾಡ ಅಂತ. ಕಲ್ಸಿದ್ರೆ ಕೆಲ್ಸ ಓಯ್ತದೆ."

ಆ 'ಮಾಸ್ಟ್ರೇ'ಗಾಗಿ ನಾನು ಎಷ್ಟು ವರ್ಷ ಕಾದಿದ್ದೆ. ಅದು ಹೀಗೆ ಬಂತು. ಹೇಳುತ್ತೇನೆ ಎಂದು ಅವನಿಗೆ ಸುಳ್ಳು ಹೇಳಿ ಎದ್ದು ಬಂದೆ.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಕೆಲಸ ಕಿತ್ತುಕೊಂಡಾಗ ನಾವು ಸಂಬಳವನ್ನಷ್ಟೇ ಕಿತ್ತುಕೊಂಡೆವು ಎಂದುಕೊಳ್ಳುತ್ತೇವೆ. ಬಹಳ ಕಾಲದ ಮೇಲೆ ಕರೆದು ಅದನ್ನು ತಿರುಗಿ ಕೊಟ್ಟರೆ ಎಲ್ಲವನ್ನೂ ಕೊಟ್ಟೆವು ಎಂದು ಬೀಗುತ್ತೇವೆ. ನಾವು ಕೊಡಬಹುದಾದದ್ದು ಕೆಲಸವನ್ನು ಮಾತ್ರ. ಮುಚ್ಚಿದ ಗಿರಣಿಯನ್ನು ಮತ್ತೆ ತೆರೆಯಬಹುದು, ಅದಕ್ಕೆ ದುಡ್ಡಿದ್ದರೆ ಸಾಕು. ಅದಕ್ಕೇ ಈಗ ಯಾರಾದರೂ ನನ್ನ ಮುಂದೆ, ಅವನು ಖಾಲಿ ಕೂತವನು, ಅವನ ಸ್ವಭಾವವೇ ಸರಿಯಿಲ್ಲ ಎಂದರೆ, ಎಷ್ಟು ವರ್ಷದಿಂದ ಕೂತಿದ್ದಾನೆ ಎಂದು ಮೊದಲು ಕೇಳುತ್ತೇನೆ.

ಹೆಮ್ಮಿಗೆಯಿಂದ ಬಂದ ಮಾರನೆಯ ದಿನ ವಿಭಾಗಕ್ಕೆ ಹೋದೆ. ಸುಜಾತ ಒಬ್ಬ ಹೊಸ ಹುಡುಗಿಯ ಹಿಂದೆ ನಿಂತಿದ್ದಳು. ಅವಳ ಕೈಗಳು ಆ ಹುಡುಗಿಯ ಕೈಗಳ ಕೆಳಗಿದ್ದವು. ಯಂತ್ರಗಳ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಅವಳ ಅಪ್ಪ ಹೇಳಿದ್ದನ್ನು ಹೇಳಲು ಹತ್ತಿರ ಹೋಗಲೋ ಬೇಡವೋ ಎಂದು ನಾನು ನಿಂತಿದ್ದೆ. ಅಷ್ಟರಲ್ಲಿ ಅವಳ ತುಟಿ ಅಲ್ಲಾಡಿತು. ಈ ಸಲ ದೂರದಿಂದಲೇ ನನಗೆ ತಿಳಿಯಿತು. "ಎಳೀಬ್ಯಾಡ ಕಣೆ, ಕರಿ. ಅದಾಗದೇ ಬತ್ತದೆ."